ಸರಳಿಲ್ಲದ ಕತ್ತು

"ತಿರುಗಿಸ್ದಷ್ಟೂ ತಿರುಗ್ತದೆ ಮೇಡಂ. ಎಲ್ಲೂ ಬಿಗೀತಾನೇ ಇಲ್ಲ. ಬೇಕಾದ್ರೆ ನೀವೇ ನೋಡಿ."

ಶಿವು ಸ್ಕ್ರೂಡ್ರೈವರನ್ನು ಸಬ್ ಇನ್‌ಸ್ಪೆಕ್ಟರ್ ಇಂದ್ರಾಣಿಯ ಕೈಗೆ ಕೊಟ್ಟ. ತಿ. ನರಸೀಪುರದ ತನ್ನ ಮನೆಯ ಜಗಲಿಯಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಅದರ ಮೇಲೆ ಎಲೆಕ್ಟ್ರಿಕ್ ಗಿಟಾರನ್ನು ಎರಡು ತುಂಡು ಮಾಡಿ ಮಲಗಿಸಿದ್ದ. ಒಂದು ಕಡೆ ಕೆನೆಬಣ್ಣದ ಒಡಲು, ಇನ್ನೊಂದು ಕಡೆ ಉದ್ದನೆಯ ಕತ್ತು. ಕತ್ತಿನ ಬುಡದಲ್ಲಿ ಉಕ್ಕಿನ ತಿರುಪಿನ ತಲೆಯೊಂದು ಇಣುಕುತ್ತಿತ್ತು.

ಇಂದ್ರಾಣಿ ತಿರುಗಿಸಿದಳು. ಬಲಕ್ಕೆ ತಿರುಗಿತು. ಇನ್ನೂ ಬಲಕ್ಕೆ ತಿರುಗಿತು. ಎಡಕ್ಕೂ ಅಷ್ಟೇ ಸಲೀಸಾಗಿ ತಿರುಗಿತು, ಮಾವನ ಮನೆಗೆ ಬಂದ ಹೊಸ ಅಳಿಯ ಎಲ್ಲದಕ್ಕೂ ಹೂಂಗುಟ್ಟುವ ಹಾಗೆ.

"ಬಾರ್ಸೋಕೆ ಕುಂತ್ರೆ ತಂತಿ ಕೆಳ್ಗೆ ಇಲಿ ನುಗ್ಗೋವಷ್ಟು ಜಾಗ. ಕತ್ತು ಬಿಲ್ಲಾಗೋಗದೆ. ಹೊಸ ಗಿಟಾರ್ ಕಣ್ರೀ ಇದು! ನೀವು ಒಳಗಾಕಿದ್ದೀರಲ್ಲ, ಆ ಸಿದ್ಧಾರ್ಥಣ್ಣ ನನಗೂ ಕೈಕೊಟ್ಟವ್ನೆ."

ಶಿವು ಹಗಲು ಹೊತ್ತು ಕರೆಂಟ್ ಕಂಬ ಹತ್ತುವ ಲೈನ್‌ಮನ್. ಮದುವೆ, ಗಣೇಶನ ಹಬ್ಬ ಬಂದರೆ ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುವವನು. ಗಿಟಾರ್ ಕೆಟ್ಟಿದೆ ಎಂದು ಅವನು ನಂಜನಗೂಡು ಠಾಣೆಗೆ ಫೋನು ಮಾಡಿದಾಗ ರೈಟರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇಂದ್ರಾಣಿಗೆ ನಗು ಬರಲಿಲ್ಲ. ಜೀಪು ತೆಗೆಸಿ ನೇರ ಇಲ್ಲಿಗೆ ಬಂದಿದ್ದಳು.

ಆರು ವಾರದಿಂದ ಅವಳಿಗೆ ಸರಿಯಾಗಿ ನಿದ್ದೆ ಇಲ್ಲ. ನಂಜನಗೂಡಿನಲ್ಲಿ ಗಿಟಾರ್ ತಯಾರಿಸುವ ಸಿದ್ಧಾರ್ಥನ ಅಂಗಡಿಯ ಹಿಂದಿನ ನಾಲೆಯಲ್ಲಿ ಪ್ರೇಮ್‌ಕುಮಾರ್ ಎಂಬ ಸಂಗೀತಗಾರನ ಹೆಣ ಸಿಕ್ಕಿತ್ತು. ಅದೇ ಮಧ್ಯಾಹ್ನ ಇಬ್ಬರಿಗೂ ಜಗಳವಾಗಿತ್ತು. ಸಿದ್ಧಾರ್ಥ ಮಾಡಿದ ಗಿಟಾರುಗಳಿಂದ ಅವನ ಹೆಸರನ್ನು ಉಜ್ಜಿ ತೆಗೆದು, ಅಮೆರಿಕದ ಹಳೇ ಕಾಲದ ವಾದ್ಯ ಎಂದು ಬೆಂಗಳೂರಿನವರಿಗೆ ಪ್ರೇಮ್‌ಕುಮಾರ್ ದಾಟಿಸುತ್ತಿದ್ದ. ಸಿದ್ಧಾರ್ಥನ ಕೈಗೆ ಬೇಡಿ ತೊಡಿಸಿದವಳು ಇಂದ್ರಾಣಿಯೇ. ಆದರೆ ಕೊಂದ ಆಯುಧ ಮಾತ್ರ ಸಿಕ್ಕಿರಲಿಲ್ಲ. ಅದಿಲ್ಲದ ಕೇಸು ಅವಳ ಮನಸ್ಸಿನಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಮೈಸೂರಿನ ಕೋರ್ಟಿನಲ್ಲಿ ಸಿದ್ಧಾರ್ಥನ ಜಾಮೀನು ಅರ್ಜಿಯ ವಿಚಾರಣೆ. ತಪ್ಪು ಮಾಡದವನನ್ನು ಒಳಗೆ ಹಾಕಿದ್ದೇನಾ ಎಂಬ ಪ್ರಶ್ನೆ ಬೆಳಗ್ಗೆಯಿಂದ ಅವಳ ಎದೆಯ ಮೇಲೆ ಕೂತಿತ್ತು.

"ಶಿವು, ನಿಮ್ಮ ಹತ್ರ ಅಯಸ್ಕಾಂತ ಇದೆಯಾ?"

"ಹಳೇ ಸ್ಪೀಕರಿಂದು ಐತೆ. ಯಾಕ್ ಮೇಡಂ?"

"ತನ್ನಿ."

ಅವಳು ಕತ್ತನ್ನು ಬೋರಲು ಹಾಕಿದಳು. ಹಾಲುಬಣ್ಣದ ಮೇಪಲ್ ಮರ. ಬೆನ್ನಿನ ನಟ್ಟನಡುವೆ ಬೀಟೆಯ ಕಪ್ಪು ಪಟ್ಟಿಯೊಂದು ಬುಡದಿಂದ ತಲೆಯವರೆಗೆ ಹೋಗಿತ್ತು. ಸಿದ್ಧಾರ್ಥನ ಅಂಗಡಿಯಲ್ಲಿ ಅದಕ್ಕೆ 'ನಾಮ' ಎನ್ನುತ್ತಾರೆ. ಬುದ್ಧನ ಫೋಟೋ ಇಟ್ಟುಕೊಂಡು ಎಲ್ಲಕ್ಕೂ ನಾಮ ಬಳಿಯುತ್ತೀರಲ್ಲಪ್ಪ ಎಂದು ಗಿರಾಕಿಗಳು ರೇಗಿಸುತ್ತಿದ್ದರಂತೆ.

ಕೊಲೆ ಕೇಸಿನ ಪುಣ್ಯದಿಂದ ಇಂದ್ರಾಣಿ ಈ ಆರು ವಾರದಲ್ಲಿ ಗಿಟಾರಿನ ಬಗ್ಗೆ ಒಂದಿಷ್ಟು ಕಲಿತಿದ್ದಳು. ಆರು ತಂತಿ ಬಿಗಿದರೆ ಕತ್ತಿನ ಮೇಲೆ ಹತ್ತಿರ ಹತ್ತಿರ ಒಂದು ಸಿಮೆಂಟ್ ಮೂಟೆಯಷ್ಟು ಎಳೆತ. ಮರವೊಂದೇ ತಡೆಯುವುದಿಲ್ಲ. ಅದಕ್ಕೇ ಒಳಗೆ ಒಂದು ಮೊಳದ ಉಕ್ಕಿನ ಸರಳು ಇಡುತ್ತಾರೆ. ತಂತಿ ಒಂದು ಕಡೆಗೆ ಎಳೆದರೆ ಸರಳು ಇನ್ನೊಂದು ಕಡೆಗೆ ಎಳೆದು ಕತ್ತನ್ನು ನೆಟ್ಟಗಿಡುತ್ತದೆ. ಈಗಿನ ಕಾರ್ಖಾನೆಗಳಲ್ಲಿ ಇದಕ್ಕೆ ಸುಲಭದ ದಾರಿಗಳಿವೆ. ಸಿದ್ಧಾರ್ಥನದು ಹಳೇ ಕಾಲದ ಪದ್ಧತಿ. ಕತ್ತಿನ ಬೆನ್ನಿನಲ್ಲಿ ತೋಡು ಕೊರೆದು, ಸರಳು ಮಲಗಿಸಿ, ಮೇಲೆ ಬೀಟೆಯ ಪಟ್ಟಿ ಅಂಟಿಸಿ ಮುಚ್ಚುವುದು. ಬಿಗಿಮಾಡುವ ತಿರುಪು ಬುಡದಲ್ಲಿ ಅವಿತಿರುವುದರಿಂದ ಪ್ರತಿ ಸಲವೂ ಕತ್ತನ್ನೇ ಬಿಚ್ಚಬೇಕು. ಕಷ್ಟದ ಕೆಲಸ, ಆದರೆ ಬಲ್ಲವರಿಗೆ ಅದೇ ಚೆಂದ.

ಅಯಸ್ಕಾಂತವನ್ನು ಪಟ್ಟಿಯ ಬುಡದಲ್ಲಿ ಇಟ್ಟಳು. ಟಪ್ಪನೆ ಕಚ್ಚಿಕೊಂಡಿತು. ನಿಧಾನವಾಗಿ ಮೇಲಕ್ಕೆ ಜಾರಿಸಿದಳು. ಒಂದು ಕಿರುಬೆರಳಿನಷ್ಟು ದೂರ ಹೋಗುವುದರೊಳಗೆ ಅದರ ಹಿಡಿತ ಸಡಿಲವಾಯಿತು. ಕತ್ತನ್ನು ಮೇಲೆತ್ತಿದಾಗ ಅಯಸ್ಕಾಂತ ಜಾರಿ ಬೆಡ್‌ಶೀಟಿನ ಮೇಲೆ ಬಿತ್ತು.

ಇನ್ನೊಂದು ಸಲ ಇಟ್ಟಳು. ಇನ್ನೊಂದು ಸಲವೂ ಬಿತ್ತು.

ಶಿವು ಒಳಗೆ ಓಡಿ ಗೋಡೆಗೆ ನೇತುಹಾಕಿದ್ದ ತನ್ನ ಹಳೆಯ ಗಿಟಾರು ತಂದ. ಅದರ ಬೆನ್ನಿಗೆ ಅಯಸ್ಕಾಂತ ಬುಡದಿಂದ ತಲೆಯವರೆಗೂ ಜಿಗಣೆಯ ಹಾಗೆ ಅಂಟಿಕೊಂಡೇ ಹೋಯಿತು.

"ಅಯ್ಯೋ ಸಿವ್ನೆ! ಇದ್ರೊಳ್ಗೆ ಸರಳೇ ಇಲ್ವಾ ಮೇಡಂ?"

"ಈ ಮಾತು ಯಾರಿಗೂ ಹೇಳಬೇಡಿ" ಎಂದಳು ಇಂದ್ರಾಣಿ. "ಹತ್ತಿರದಲ್ಲಿ ಎಕ್ಸ್‌ರೇ ತೆಗೆಯೋರು ಯಾರಿದ್ದಾರೆ?"

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಎಕ್ಸ್‌ರೇ ಅಂಗಡಿ ಇತ್ತು. ಟೆಕ್ನಿಷಿಯನ್ ಶಾಂತಿ ಕೈ ಮುರಿದವರನ್ನು, ಕಾಲು ಉಳುಕಿದವರನ್ನು ನೋಡಿದ್ದಳೇ ಹೊರತು ಇಂಥ ರೋಗಿಯನ್ನು ನೋಡಿರಲಿಲ್ಲ.

"ಏನಾಗಿದೆ ಇದಕ್ಕೆ?"

"ಕತ್ತು ನೋವು" ಎಂದ ಶಿವು.

ಶಾಂತಿ ಕಿಸಕ್ಕನೆ ನಕ್ಕಳು. ಇಂದ್ರಾಣಿಯ ಮುಖ ನೋಡಿ ನಗು ನುಂಗಿಕೊಂಡು, ಕತ್ತನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದಳು.

ಫಿಲ್ಮ್ ಬಂತು. ಬುಡದಲ್ಲಿ ಬೆಳ್ಳಗೆ ಹೊಳೆಯುವ ತಿರುಪು. ಅದಕ್ಕೆ ತಗುಲಿಕೊಂಡು ಕಿರುಬೆರಳಿನಷ್ಟು ಉದ್ದದ ಸರಳಿನ ತುಂಡು. ಆಮೇಲೆ ಏನೂ ಇಲ್ಲ. ತೋಡು ಮಾತ್ರ ಕಪ್ಪು ಓಣಿಯ ಹಾಗೆ ತಲೆಯವರೆಗೆ ಹೋಗಿತ್ತು.

ಮರೆತು ಬಿಟ್ಟದ್ದಲ್ಲ ಇದು. ಬುಡದಲ್ಲಿ ತಿರುಪು ಕಂಡರೆ ಒಳಗೆ ಸರಳಿದೆ ಎಂದು ನೋಡಿದವರು ನಂಬಲಿ ಎಂದೇ ಯಾರೋ ತುಂಡು ಕತ್ತರಿಸಿ ಇಟ್ಟಿದ್ದರು. ಹಾಗಾದರೆ ಈ ಕತ್ತಿಗೆಂದು ಇದ್ದ ಮೊಳದುದ್ದದ ಸರಳು ಎಲ್ಲಿ ಹೋಯಿತು?

ಅವಳಿಗೆ ಹೆಣ ಕೊಯ್ದ ಡಾಕ್ಟರ ಮಾತು ನೆನಪಾಯಿತು. "ಕಿವಿಯ ಕೆಳಗೆ ಒಂದೇ ತೂತು ಕಣಮ್ಮ. ಪೆನ್ಸಿಲಿಗಿಂತ ಸಣ್ಣ, ಆದರೆ ಆಳ. ಅಂಚಿನಲ್ಲಿ ತಿರುಪಿನ ಗೀರಿನ ಹಾಗೆ ಗುರುತಿದೆ." ಆವಾಗ ಇಂದ್ರಾಣಿ ಅಂಗಡಿಯಲ್ಲಿದ್ದ ಸ್ಕ್ರೂಡ್ರೈವರುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಹೊತ್ತು ತಂದಿದ್ದಳು. ಒಂದೂ ಹೊಂದಿರಲಿಲ್ಲ. ತುದಿಗೆ ತಿರುಪಿನ ಗೀರಿರುವ ಉಕ್ಕಿನ ಸರಳು ಅವಳ ತಲೆಗೇ ಹೊಳೆದಿರಲಿಲ್ಲ.

ಕತ್ತನ್ನು ತನ್ನ ವಶಕ್ಕೆ ತೆಗೆದುಕೊಂಡು, ಜೀಪಿನಲ್ಲಿ ಕೂತು ಸ್ಥಳ ಮಹಜರಿನ ಫೋಟೋಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸಿದಳು. ಒಂದು ಚಿತ್ರದಲ್ಲಿ ಬೆರಳು ನಿಂತಿತು. ಸಿದ್ಧಾರ್ಥನ ಬೆಂಚು. ಬೆಂಚಿನ ಇಕ್ಕಳದ ಹಿಡಿತದಲ್ಲಿ ಇದೇ ಕತ್ತು, ಬೆನ್ನು ಮೇಲೆ ಮಾಡಿಕೊಂಡು. ತೋಡು ತೆರೆದಿದೆ, ಖಾಲಿ ಇದೆ. ಅದೇ ಚಿತ್ರದಲ್ಲಿ ಕಿಟಕಿಯಾಚೆ ಠಾಣೆಯ ಜೀಪು, ಜೀಪಿನೊಳಗೆ ಚೌಕಳಿ ಅಂಗಿ ತೊಟ್ಟು ತಲೆತಗ್ಗಿಸಿ ಕೂತ ಸಿದ್ಧಾರ್ಥ.

ಮಾರನೆಯ ಬೆಳಗ್ಗೆ ಅಂಗಡಿಗೆ ಸೀಲು ಹಾಕುವಾಗಿನ ಇನ್ನೊಂದು ಚಿತ್ರ. ಅದರಲ್ಲಿ ತೋಡು ಮುಚ್ಚಿತ್ತು. ಬೀಟೆಯ ಪಟ್ಟಿಯ ಮೇಲೆ ಸಾಲಾಗಿ ಕ್ಲಾಂಪು ಬಿಗಿದಿತ್ತು.

ಸಿದ್ಧಾರ್ಥ ಲಾಕಪ್ಪಿನಲ್ಲಿದ್ದಾಗ ಯಾರೋ ಈ ಕತ್ತಿನ ಬಾಯಿ ಮುಚ್ಚಿದ್ದರು. ಸರಳು ಕಾಣೆಯಾದದ್ದು ಯಾರಿಗೂ ಗೊತ್ತಾಗಬಾರದು ಎಂದಿದ್ದವರು. ಅವನಲ್ಲ. ಅವನಾಗಿರಲು ಸಾಧ್ಯವೇ ಇಲ್ಲ!

ಇಂದ್ರಾಣಿಗೆ ಕಣ್ಣು ತುಂಬಿ ಬಂತು. ಆರು ವಾರದ ಭಾರ ಒಂದೇ ಸಲಕ್ಕೆ ಇಳಿದ ಹಾಗಾಯಿತು. ಆ ಹಗುರದಲ್ಲೇ ಸರ್ಕಾರಿ ವಕೀಲರಿಗೆ ಫೋನು ಮಾಡಿದಳು.

"ಸರ್, ಸಿದ್ಧಾರ್ಥನ ಜಾಮೀನಿಗೆ ನಮ್ಮ ಕಡೆಯಿಂದ ಜೋರು ವಿರೋಧ ಬೇಡ. ಹೊಸ ಸಾಕ್ಷ್ಯ ಸಿಕ್ಕಿದೆ. ಆ ದಿನ ರಾತ್ರಿ ಅಂಗಡಿಯಲ್ಲಿ ಬೇರೆಯವರ ಕೈ ಆಡಿದೆ."

"ನೋಡಿಕೊಂಡು ಹೇಳ್ತಿದೀರೇನಮ್ಮ?"

"ನೋಡಿಕೊಂಡೇ ಹೇಳ್ತಿದೀನಿ ಸರ್."

ಅಂದೇ ಸಂಜೆ ಜಾಮೀನು ಸಿಕ್ಕಿತು.

* * *

ಮಾರನೆಯ ಮಧ್ಯಾಹ್ನ ಅವಳು ನಂಜನಗೂಡಿನ ಅಂಗಡಿಯ ಮುಂದೆ ಜೀಪಿನಿಂದ ಇಳಿದಾಗ ಮನೆಯೊಳಗಿಂದ ನಾಟಿಕೋಳಿ ಸಾರಿನ ಒಗ್ಗರಣೆಯ ವಾಸನೆ ಬೀದಿಗೆ ಬರುತ್ತಿತ್ತು. ಮುಂದೆ ತಗಡಿನ ಶೀಟಿನ ಅಂಗಡಿ, ಹಿಂದೆ ಅದಕ್ಕೇ ಅಂಟಿಕೊಂಡ ಮನೆ, ಮನೆಯ ಹಿತ್ತಲು ದಾಟಿದರೆ ನಾಲೆ. ನಾಲೆಗೆ ನೀರು ಬಿಟ್ಟು ವಾರವಾಗಿತ್ತು. ದಡ ಮುಟ್ಟಿ ಹರಿಯುತ್ತಿತ್ತು.

ಸಿದ್ಧಾರ್ಥನ ತಾಯಿ ಪುಟ್ಟಮಾದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು.

"ಬನ್ನಿ ಮೇಡಮ್ಮೋರೆ, ಬನ್ನಿ. ಕುಂತ್ಕಳಿ. ನೀವೇ ಏಳಿ ಬುಡ್ಸುದ್ರಿ ಅಂತ ಲಾಯ್ರಪ್ಪ ಏಳುದ್ರು. ನಿಮ್ ಒಟ್ಟೆ ತಣ್ಗಿರ್ಲಿ. ನನ್ ಮಗ ಬತ್ತಾವ್ನೆ ಕಣ್ರವ್ವ. ಉಂಡ್ಕಂಡೇ ಓಗ್ಬೇಕು ನೀವು."

ಇಂದ್ರಾಣಿಗೆ ಅವರ ಮುಖ ನೋಡಲಾಗಲಿಲ್ಲ. ಮಗನನ್ನು ಕೊಟ್ಟು ಮಗಳನ್ನು ಕಿತ್ತುಕೊಳ್ಳಲು ಬಂದಿದ್ದಳಲ್ಲ. "ಆಗಲಿ ಅಮ್ಮ" ಎಂದು ತಡವರಿಸಿದಳು. ಮುದುಕಿ ಒಳಗೆ ಹೋದರು. ಮಿಕ್ಸಿಯ ಸದ್ದು ಶುರುವಾಯಿತು.

ಜತೆಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಚೆಲುವಯ್ಯನವರನ್ನು ಮುಂದಿನ ಬಾಗಿಲಲ್ಲಿ ನಿಲ್ಲಿಸಿ ಅಂಗಡಿಗೆ ಕಾಲಿಟ್ಟಳು.

ಸಿದ್ಧಾರ್ಥನ ದೊಡ್ಡಪ್ಪ ಮರಿಯಯ್ಯ ಪೇಟ ಸುತ್ತಿಕೊಂಡು ಎಲ್ಲೋ ಹೊರಟಿದ್ದರು. ಮರಗೆಲಸದಲ್ಲೇ ತಲೆ ನರೆತವರು.

"ಶಿವುಗೆ ಗಿಟಾರ್ ಜೋಡಿಸಿ ಕೊಟ್ಟವರು ಯಾರು ಅಯ್ಯಾ?"

"ನಾನೇ ಕಣವ್ವ. ಕತ್ತು ಅಟ್ಟದ್ ಮ್ಯಾಲಿತ್ತು. ಅವ್ನು ದಿನಾ ಬಂದು ಪ್ರಾಣ ತಿಂತಿದ್ದ. ಧನು ಮೈಸೂರ್ಗೆ ಅಣ್ಣುನ್ ನೋಡಕ್ಕೋಗಿತ್ತು. ನಾನೇ ಇಳ್ಸಿ, ಜೋಡ್ಸಿ, ಕೊಟ್ಟು ಕಳುಸ್ದಿ. ಯಾಕವ್ವ, ಏನಾರ ಆಯ್ತಾ?"

"ಏನಿಲ್ಲ, ಸುಮ್ಮನೆ ಕೇಳಿದೆ. ಎಲ್ಲಿಗೆ ಹೊರಟಿರಿ?"

"ಬಸ್ ಸ್ಟ್ಯಾಂಡ್ಗೆ. ಮಗ ಬತ್ತನಲ್ಲ, ಕರ್ಕಂಡು ಬತ್ತೀನಿ."

ಕೊಲೆಯಾದ ಭಾನುವಾರ ಮರಿಯಯ್ಯ ಕವಲಂದೆಯ ಬೀಗರೂಟದಲ್ಲಿ ಬಾಡು ಬಡಿಸುತ್ತಿದ್ದರು. ಅದಕ್ಕೆ ಊರೆಲ್ಲ ಸಾಕ್ಷಿ. ಈ ಕೆಲಸ ಬಲ್ಲ ಇನ್ನೊಂದು ಕೈ ಬೆಂಚಿನ ಮುಂದೆ ಕೂತು ಗಿಟಾರಿಗೆ ಪಾಲಿಶ್ ಹಾಕುತ್ತಿತ್ತು. ಸಿದ್ಧಾರ್ಥನ ತಂಗಿ ಧನುಶ್ರೀ. ಆರು ವಾರದಿಂದ ಪ್ರತಿ ಸೋಮವಾರ ಠಾಣೆಗೆ ಬಂದು "ನಮ್ಮಣ್ಣ ಅಂಥವನಲ್ಲ ಮೇಡಂ" ಎಂದು ಬೇಡಿಕೊಂಡು ಹೋಗುತ್ತಿದ್ದವಳು.

ಮರಿಯಯ್ಯ ಹೊರಟ ಮೇಲೆ ಇಂದ್ರಾಣಿ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೇನು ಹೇಳು ಧನು."

"ಗಿಟಾರಿಗೆ ಎಕ್ಸ್‌ರೇ ತೆಗ್ಸಿದ್ರಾ ಮೇಡಂ?" ಧನುಶ್ರೀ ನಗುತ್ತಾ ಹತ್ತಿರ ಬಂದಳು. ಬಂದವಳು ಎರಡು ಹೆಜ್ಜೆ ದೂರದಲ್ಲೇ ನಿಂತಳು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಇದು ತಿರುಪು. ಇದರ ಹಿಂದೆ ಒಂದು ಮೊಳ ಸರಳಿರಬೇಕು. ಕಿರುಬೆರಳಿನಷ್ಟಿದೆ. ಮಿಕ್ಕಿದ್ದು ಎಲ್ಲಿ?"

"ಮರ್ತುಹೋಗಿರ್ಬೇಕು."

"ಮರೆತವರು ತುಂಡು ಕತ್ತರಿಸಿ, ತಿರುಪು ಹಾಕಿ, ನೋಡಿದವರ ಕಣ್ಣಿಗೆ ಮಣ್ಣೆರಚ್ತಾರಾ?"

ಇಂದ್ರಾಣಿ ಫೋನು ತೆಗೆದು ಎರಡು ಚಿತ್ರಗಳನ್ನೂ ತೋರಿಸಿದಳು.

"ಇಲ್ಲಿ ನಿಮ್ಮಣ್ಣ ಜೀಪಿನಲ್ಲಿದ್ದಾನೆ, ತೋಡು ತೆರೆದಿದೆ. ಇಲ್ಲಿ ಬೆಳಗ್ಗೆ ಆಗಿದೆ, ತೋಡು ಮುಚ್ಚಿದೆ. ನಿಮ್ಮ ದೊಡ್ಡಪ್ಪ ಊರಲ್ಲಿರಲಿಲ್ಲ. ಈ ಕೆಲಸ ಬಲ್ಲವರು ನಂಜನಗೂಡಿನಲ್ಲಿ ಇನ್ಯಾರಿದ್ದಾರೆ ಹೇಳು, ಅವರ ಮನೆಗೆ ಹೋಗ್ತೀನಿ."

"ನಾನೇ ಮುಚ್ಚಿದ್ದು."

ಇಷ್ಟು ಬೇಗ ಒಪ್ಪುತ್ತಾಳೆಂದು ಇಂದ್ರಾಣಿ ಎಣಿಸಿರಲಿಲ್ಲ. ಬಂದಿದ್ದ ಸಿಟ್ಟು ಅರ್ಧದಲ್ಲೇ ನಿಂತಿತು.

"ಪ್ರೇಮ್‌ಕುಮಾರನ್ನ ಕೊಂದಿದ್ದೂ ನೀನೇನಾ?"

"ನಾನು ಮೂಗೂರಲ್ಲಿದ್ದೆ ಮೇಡಂ. ನನ್ನ ಫ್ರೆಂಡ್ ಮೇಘನಾಳ ಸೀಮಂತದಲ್ಲಿ. ನೀವೇ ವಿಡಿಯೋ ತರ್ಸಿ ನೋಡಿದ್ರಲ್ಲ."

ನೋಡಿದ್ದಳು. ಅದರಲ್ಲಿ ಧನುಶ್ರೀ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ನಂಜನಗೂಡಿಗೆ ಬಸ್ಸಿಳಿಯುವಾಗ ಅಣ್ಣನನ್ನು ಆಗಲೇ ಜೀಪಿಗೆ ಹತ್ತಿಸಿಯಾಗಿತ್ತು.

"ಮತ್ತೆ ಯಾಕೆ ಮುಚ್ಚಿದೆ?"

"ತೋಡಿದ ದಿನಾನೇ ಮುಚ್ಬೇಕು ಮೇಡಂ. ತೆರೆದು ಬಿಟ್ರೆ ಬೆಳಗಾಗೋದ್ರೊಳ್ಗೆ ಮರ ತಿರುಚ್ಕೊಳ್ಳತ್ತೆ. ನಮ್ಮಂಗಡಿ ಪದ್ಧತಿ ಅದು."

"ಸರಳಿಲ್ಲದೆ ಮುಚ್ಚೋದೂ ಪದ್ಧತಿಯಾ?"

ಅಡುಗೆಮನೆಯ ಮಿಕ್ಸಿ ನಿಂತಿತ್ತು. ಇಂದ್ರಾಣಿ ದನಿ ಇನ್ನಷ್ಟು ಏರಿಸಿದಳು.

"ಊರಿಂದ ಆಗತಾನೆ ಬಂದವಳು ನೀನು. ಹೆಣ ಬಿದ್ದಿದೆ, ಅಣ್ಣನ ಕೈಗೆ ಬೇಡಿ ಬಿದ್ದಿದೆ. ಅಂಥ ಹೊತ್ತಲ್ಲಿ ಒಳಗೆ ಹೋಗಿ ಗಿಟಾರಿನ ಕತ್ತು ಮುಚ್ಚಬೇಕು ಅಂತ ನಿನಗೆ ಹೇಗೆ ಹೊಳೀತು? ಯಾರು ಹೇಳಿದ್ರು ಮುಚ್ಚು ಅಂತ?"

"ನಿಮ್ಮೆದುರಿಗೇ ಹೇಳಿದ್ದಲ್ವಾ ಮೇಡಂ."

"ಯಾರು?"

"ಅಣ್ಣ."

ಇಂದ್ರಾಣಿಗೆ ಮೊದಲು ಏನೂ ನೆನಪಾಗಲಿಲ್ಲ. ಆಮೇಲೆ ಒಂದೇ ಸಲಕ್ಕೆ ಎಲ್ಲ ನೆನಪಾಯಿತು. ಜೀಪಿನ ಸುತ್ತ ಜನ. ಓಡಿ ಬಂದ ತಂಗಿ. ಕಂಬಿಯ ಸಂದಿಯಿಂದ ಸಿದ್ಧಾರ್ಥ ಕೂಗಿ ಹೇಳಿದ್ದ: "ಧನು, ಇವತ್ತು ತೋಡಿದ್ದು ಇವತ್ತೇ ಮುಗಿಸ್ಬಿಡು. ನಾಳೆಗೆ ಬಿಡ್ಬೇಡ." ಜೈಲಿಗೆ ಹೋಗುವ ರೈತ ಹಸು ಕರೆಯುವುದನ್ನು ಮರೆಯಬೇಡ ಎಂದು ಹೆಂಡತಿಗೆ ಹೇಳುತ್ತಾನಲ್ಲ, ಹಾಗೆ ಕೇಳಿಸಿತ್ತು ಅದು. ಪಾಪ, ಕೆಲಸದ ಮೇಲೆ ಎಂಥ ಜೀವ ಎಂದುಕೊಂಡಿದ್ದಳು. ಅಂಗಡಿಯ ಬಾಗಿಲಲ್ಲಿ ಆ ಹುಡುಗಿಯನ್ನು ತಡೆದಿದ್ದ ಚೆಲುವಯ್ಯನವರಿಗೆ "ಬಿಡ್ರಿ, ಒಳಗೆ ಹೋಗ್ಲಿ" ಎಂದವಳು ತಾನೇ.

ತಾನೇ ಬಾಗಿಲು ತೆಗೆಸಿ, ತಾನೇ ಸಾಕ್ಷ್ಯ ಮುಚ್ಚಿಸಿದ್ದಳು. ನಾಚಿಕೆಯಿಂದ ಅವಳ ಮುಖ ಕಾದುಹೋಯಿತು.

"ಒಳಗೆ ಹೋದಾಗ ನನಗೇನೂ ಗೊತ್ತಿರಲಿಲ್ಲ ಮೇಡಂ" ಎಂದಳು ಧನುಶ್ರೀ. ಈಗ ಅಳುತ್ತಿದ್ದಳು. "ಅಣ್ಣ ಸರಳಿಗೆ ಮೇಣ ಸವರಿ ಕತ್ತಿನ ಪಕ್ಕಾನೇ ಇಟ್ಟಿರ್ತಾನೆ. ಅಲ್ಲಿರಲಿಲ್ಲ. ಬೆಂಚಿನ ಕೆಳಗೆ ಹುಡುಕಿದೆ, ಡಬ್ಬಗಳಲ್ಲಿ ಹುಡುಕಿದೆ. ಎಲ್ಲೂ ಇರಲಿಲ್ಲ. ಆಗ ಗೊತ್ತಾಯ್ತು ಅಣ್ಣ ಯಾಕೆ ಹಾಗಂದ ಅಂತ. ಒಂದು ಹಾಳು ಸರಳಿನ ತುದಿ ಕತ್ತರಿಸಿ ಇಟ್ಟು ಮುಚ್ಚಿದೆ. ನೀವು ಅಂಗಡಿ ಸೀಲು ತೆಗೆದ ಮೇಲೆ, ಗಲಾಟೆ ಎಲ್ಲ ಮುಗಿದಾಗ ಒಲೆಗೆ ಹಾಕೋಣ ಅಂತ ಅಟ್ಟಕ್ಕೆಸೆದಿದ್ದೆ. ದೊಡ್ಡಪ್ಪ ನಾನಿಲ್ಲದಾಗ ಜೋಡಿಸಿ ಕೊಟ್ಬಿಟ್ರು. ವಾಪಸ್ ತರಿಸೋಣ ಅಂದ್ರೆ ಯಾಕೆ ಅಂತ ಕೇಳ್ತಿದ್ರು. ಏನು ಹೇಳ್ಲಿ?"

"ಪ್ರತಿ ಸೋಮವಾರ ಬಂದು ನಮ್ಮಣ್ಣ ಅಂಥವನಲ್ಲ ಅಂತಿದ್ದೆಯಲ್ಲೇ!"

"ಅಂತಿದ್ದೆ. ಇಲ್ಲದಿದ್ರೆ ನಾನು ಹೇಗೆ ಬದುಕ್ಲಿ ಮೇಡಂ?"

"ಅವನನ್ನೇ ಕೇಳಬೇಕಿತ್ತು. ಆರು ವಾರ ಜೈಲಿಗೆ ಹೋಗಿ ಬಂದಿದ್ದೀಯ."

"ಕೇಳಿದ್ರೆ ಹೇಳ್ಬಿಡ್ತಾನೆ. ಅಣ್ಣ ನನ್ನ ಹತ್ರ ಯಾವತ್ತೂ ಸುಳ್ಳು ಹೇಳಿದವನಲ್ಲ. ಅದಕ್ಕೇ ಕೇಳಲಿಲ್ಲ."

ಇಂದ್ರಾಣಿ ಬೆಂಚಿನ ಮೇಲೆ ಕೂತುಬಿಟ್ಟಳು. ಯಾವ ಚಿತ್ರ ಸಿದ್ಧಾರ್ಥನನ್ನು ಉಳಿಸಿತೆಂದು ನಿನ್ನೆ ಕಣ್ಣೀರು ಹಾಕಿದ್ದಳೋ ಅದೇ ಚಿತ್ರ ಈಗ ಅವನ ಕುತ್ತಿಗೆಗೆ ಹಗ್ಗವಾಗಿತ್ತು. ಸರಳು ಕಾಣೆಯಾದದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮುಚ್ಚಿಸಿದ್ದ. ಅಂಥವನನ್ನು ಅವಳೇ ವಕೀಲರಿಗೆ ಫೋನು ಮಾಡಿ ಹೊರಗೆ ಬಿಡಿಸಿದ್ದಳು.

"ಆ ಕತ್ತು ಶಿವು ಕೈಗೆ ಹೋಯ್ತು ಅಂತ ನಿಮ್ಮಣ್ಣನಿಗೆ ಗೊತ್ತಾ?"

"ಮೊನ್ನೆ ಹೇಳ್ದೆ. ಏನೂ ಮಾತಾಡ್ಲಿಲ್ಲ. ಊಟ ಮಾಡಿದ್ಯಾ ಅಂತ ಕೇಳಿ ಎದ್ದುಹೋದ."

ಧನುಶ್ರೀಯ ಫೋನು ಬಡಿದುಕೊಂಡಿತು. ಬಸ್ ಸ್ಟ್ಯಾಂಡಿನಿಂದ ಮರಿಯಯ್ಯ. ಸ್ಪೀಕರ್ ಹಾಕದಿದ್ದರೂ ಅವರ ಗಟ್ಟಿ ದನಿ ಅಂಗಡಿಗೆಲ್ಲ ಕೇಳಿಸಿತು.

"ಲೇ ಮಗಾ, ಮೈಸೂರ್ ಬಸ್ ಬಂದು ಖಾಲಿ ಆಯ್ತು ಕಣವ್ವ. ಸಿದ್ದ ಇಳೀನಿಲ್ಲ. ಬೆಳಗ್ಗೇನೇ ಜೈಲಿಂದ ಬುಟ್ರಂತಲ್ಲ, ಎಲ್ಗೋದ ಇವ್ನು?"

ಇಂದ್ರಾಣಿಗೆ ಅವನು ಎಲ್ಲಿಗೆ ಹೋದನೆಂದು ಗೊತ್ತಾಯಿತು. ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಅದೇ ಸದ್ದು ಮಾಡಿತು. ಶಿವು.

"ಮೇಡಂ, ಯಾರ್ ಬಂದವ್ರೆ ಏಳಿ ನೋಡಮ!" ಅವನ ದನಿಯಲ್ಲಿ ಸಂತೋಷ ತುಂಬಿತ್ತು. "ಸಿದ್ಧಾರ್ಥಣ್ಣ! ಸೀದಾ ನಮ್ಮನೆಗೇ ಬಂದವ್ರೆ. ಗಿಟಾರ್ ಸರಿ ಮಾಡ್ಕೊಡ್ತೀನಿ ಕೊಡು ಅಂತವ್ರೆ. ನಿಮ್ಮತ್ರ ಐತೆ, ಎಕ್ಸ್‌ರೇ ತೆಗ್ಸಿದ್ರು ಅಂದೆ. ಬೇಜಾರ್ ಮಾಡ್ಕಬ್ಯಾಡಿ, ಬಾಯ್ತಪ್ಪಿ ಬಂದ್ಬುಡ್ತು."

"ಶಿವು, ನಾನು ಹೇಳೋದು ಕೇಳಿ. ಸುಮ್ಮನೆ ಏನಾದ್ರೂ ನೆಪ ಹೇಳಿ ಮನೆಯಿಂದ ಆಚೆ ಬನ್ನಿ. ಈಗಲೇ."

"ಯಾಕ್ ಮೇಡಂ? ಇರಿ, ಅಣ್ಣಾರು ಮಾತಾಡ್ಬೇಕಂತೆ. ಕೊಡ್ತೀನಿ."

ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ ಸಿದ್ಧಾರ್ಥನ ದನಿ. ಸಿಟ್ಟಿರಲಿಲ್ಲ, ಅವಸರವಿತ್ತು.

"ಮೇಡಂ, ನೀವೆಲ್ಲಿದ್ದೀರ?"

"ಶಿವುನ ಏನೂ ಮಾಡಬೇಡ ಸಿದ್ಧಾರ್ಥ. ನಾನು ಅಲ್ಲಿಗೇ ಬರ್ತೀನಿ."

"ಶಿವುನ ನಾನ್ಯಾಕೆ ಏನು ಮಾಡ್ಲಿ? ಆ ಕತ್ತು ತಗೊಂಡು ಸುಟ್ಹಾಕೋಣ ಅಂತ ಬಂದೆ. ನಿಮ್ಮ ಕೈಗೆ ಸಿಕ್ಕಿದೆ ಅಂದ್ರೆ ಮುಗೀತು. ಕೊಂದಿದ್ದು ನಾನೇ ಅಂತ ಬರ್ಕೊಡ್ತೀನಿ, ಎಲ್ಲಿ ಸೈನ್ ಹಾಕ್ಬೇಕೋ ಹಾಕ್ತೀನಿ. ಧನುನೂ ಹಂಗೇ ಅಂದ್ಕೊಂಡವ್ಳೆ, ಅಂದ್ಕೊಳ್ಳಿ. ಒಳ್ಳೇದೇ ಆಯ್ತು."

"ಏನಂದೆ?"

"ಒಂದೇ ಒಂದು ಕೇಳ್ಕೋತೀನಿ ಮೇಡಂ. ಕಾಲಿಗೆ ಬೀಳ್ತೀನಿ. ಆ ಸರಳಿನ ಮಾತನ್ನ ಅವ್ವನ ಕಿವಿಗೆ ಮಾತ್ರ ಹಾಕ್ಬೇಡಿ. ನನಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಿಲ್ಲ."

ಆ ಭಾನುವಾರ ಮನೆಯಲ್ಲಿ ಯಾರ್ಯಾರಿದ್ದರು ಎಂದು ಇಂದ್ರಾಣಿ ಎಲ್ಲರನ್ನೂ ಕೇಳಿದ್ದಳು. ಅಡುಗೆಮನೆಯಲ್ಲಿದ್ದ ಮುದುಕಿಯನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ.

ಅವಳು ಒಳಬಾಗಿಲ ಕಡೆ ತಿರುಗಿದಳು. ಅವಳ ಮುಖ ನೋಡಿ ಧನುಶ್ರೀಗೆ ಏನು ಅರ್ಥವಾಯಿತೋ, "ಅವ್ವಾ" ಎಂದು ಕೂಗುತ್ತಾ ಒಳಗೆ ಓಡಿದಳು. ಉತ್ತರ ಬರಲಿಲ್ಲ. "ಅವ್ವಾ!" ಎಂದು ಇನ್ನೊಂದು ಸಲ ಕೂಗಿದ್ದು ಹಿತ್ತಲಿನಿಂದ ಕೇಳಿಸಿತು.

ಹಿಂಬಾಗಿಲು ಹಾರು ಹೊಡೆದಿತ್ತು. ಅದರಾಚೆ ನಾಲೆಯವರೆಗೂ ಕಾಲುದಾರಿ ಖಾಲಿ ಇತ್ತು.

"ಆ ಮಾತು ಎತ್ತಿಬಿಟ್ರಾ ಮೇಡಂ?" ಫೋನಿನಲ್ಲಿ ಸಿದ್ಧಾರ್ಥ ಕೇಳುತ್ತಿದ್ದ. "ಮಾತಾಡಿ ಮೇಡಂ. ಅವ್ವ ಅಲ್ಲೇ ಇದ್ದಾಳಾ? ಒಂದ್ಸಲ ಫೋನ್ ಕೊಡಿ ಅವಳ ಕೈಗೆ."